ಆರ್.ಎ. ಇರುವವರ ಮನೆಯಲ್ಲಿ ಸೋಂಕಿನ ಲೆಕ್ಕ ಇಡುವುದು ಹೇಗೆ

ಅವ್ವನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಆರ್.ಎ.), ಅಂದರೆ ಮೈಯ ಕಾವಲೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ, ಇದೆ ಎಂದು ಗೊತ್ತಾಗಿ 13 ವರ್ಷ ಆಯಿತು. ನಮ್ಮ ಊರು ಪಾಂಡವಪುರದ ಹತ್ತಿರ, ನಾನಿರುವುದು ಮಂಡ್ಯದಲ್ಲಿ, ತೋರಿಸುವುದು ಮೈಸೂರಿನಲ್ಲಿ. ಊರಲ್ಲಿ ಯಾರೂ ಆರ್.ಎ. ಅನ್ನುವುದಿಲ್ಲ. ಗಂಟು ವಾಯು ಅನ್ನುತ್ತಾರೆ, ಕೀಲುವಾತ ಅನ್ನುತ್ತಾರೆ, ಆಯುರ್ವೇದದವರು ಆಮವಾತ ಅನ್ನುತ್ತಾರೆ. ಮೊದಲ ಒಂಬತ್ತು ವರ್ಷ ನಾವು ನೋಡಿದ್ದು ಬರೀ ಕೀಲುಗಳನ್ನ. ಬೆರಳು ಊದಿದೆಯಾ, ಬೆಳಗ್ಗೆ ಎದ್ದಾಗ ಕೈ ಮಡಿಚಲು ಆಗುತ್ತದೆಯಾ, ಹಿಟ್ಟು ತೊಳಸಲು ಆಗುತ್ತದೆಯಾ, ಅಷ್ಟೇ.

ಆಮೇಲೆ ಒಂದು ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಫೋನ್ ಮಾಡಿದರೆ, "ಏನಿಲ್ಲ ಕಣ್ ಮಗ, ಮಳೇಲಿ ನೆಂದಿದ್ದೆ, ಬೆಳಗ್ಗೆಗೆ ಸರೋಯ್ತದೆ" ಅಂದರು. ಡೋಲೋ ನುಂಗಿದರು, ಇಳಿಯಿತು, ಮತ್ತೆ ಬಂತು. ಮೈಕೈ ನೋವು ಜಾಸ್ತಿ ಇದ್ದದ್ದರಿಂದ ವಾಯು ಕೆರಳಿದೆ ಅಂದುಕೊಂಡೆವು. ನಾಲ್ಕನೇ ದಿನ ಮಾತು ಅಡ್ಡಾದಿಡ್ಡಿ ಆಯಿತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ನ್ಯುಮೋನಿಯಾ. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ಐದು ದಿನ ಐಸಿಯು. ಆ ವಾರವೂ ಅವ್ವ ಆರ್.ಎ.ಗೆ ವಾರಕ್ಕೊಮ್ಮೆ ನುಂಗುವ, ಮೈಯ ಕಾವಲನ್ನು ತಗ್ಗಿಸುವ ಭಾನುವಾರದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಿದ್ದರು, ಯಾಕೆಂದರೆ ಜ್ವರ ಬಂದಾಗ ಅದನ್ನು ತಡೆಹಿಡಿದು ಡಾಕ್ಟರನ್ನು ಕೇಳಬೇಕು ಎನ್ನುವುದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ಆಮೇಲಿನ ನಾಲ್ಕು ವರ್ಷದಲ್ಲಿ ಕೇಳಿ, ಓದಿ, ಅವ್ವನ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಹೆಚ್ಚು ಕಡಿಮೆ ಮಾಡುವ ಮಾತು ನಿಮ್ಮ ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಜೊತೆಗೇ ಆಗಬೇಕು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಯಲ್ಲಿ ಏನು ಗಮನಿಸಬೇಕು ಎನ್ನುವುದು ನಮ್ಮ ಕೆಲಸ ಅಲ್ವಾ?

ಮೊದಲು, ಅಪಾಯ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

ಡಾಕ್ಟರುಗಳು "ಗಂಭೀರ ಸೋಂಕು" ಎಂದು ಕರೆಯುವುದು ನೆಗಡಿಯನ್ನಲ್ಲ. ಆಸ್ಪತ್ರೆಗೆ ಸೇರಿಸಬೇಕಾದ, ಇಲ್ಲವೇ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬೇಕಾದ, ಪ್ರಾಣಕ್ಕೆ ಕುತ್ತು ತರುವ ಸೋಂಕು. ಆರ್.ಎ. ಇರುವವರಲ್ಲಿ ಇದು ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ. ಚರ್ಮಕ್ಕೆ, ಮೂತ್ರಕ್ಕೆ, ಕೆಲವೊಮ್ಮೆ ಕೀಲಿನ ಒಳಗೇ ಬರುತ್ತದೆ.

ಎಲ್ಲರೂ ಹೇಳುವುದು ಒಂದೇ, "ಆ ಇಂಗ್ಲಿಷ್ ಮಾತ್ರೆಗಳಿಂದಲೇ ಇದೆಲ್ಲ". ಅದು ಅರ್ಧ ಸತ್ಯ. ಅಮೆರಿಕದ ಮಿನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 1955ರಿಂದ 1994ರ ನಡುವೆ ಆರ್.ಎ. ಶುರುವಾದವರನ್ನು, ಅದೇ ವಯಸ್ಸಿನ ಆರ್.ಎ. ಇಲ್ಲದವರ ಜೊತೆ ಹೋಲಿಸಿ ನೋಡಿದ್ದಾರೆ. ಆಸ್ಪತ್ರೆಗೆ ಸೇರುವಂಥ ಸೋಂಕು ಆರ್.ಎ. ಇದ್ದವರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು, ಸರಿಯಾಗಿ ಹೇಳಬೇಕೆಂದರೆ 1.83 ಪಟ್ಟು. ಇಸವಿ ಗಮನಿಸಿ. ಆರ್.ಎ.ಗೆ ಮೊದಲ ಬಯಾಲಜಿಕ್, ಅಂದರೆ ಮೈಯ ಕಾವಲಿನ ಒಂದು ಭಾಗವನ್ನು ತಡೆಯುವ ಹೊಸ ಥರದ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1998ರಲ್ಲಿ. ಮೆಥೊಟ್ರೆಕ್ಸೇಟ್‌ಗೆ ಸಿಕ್ಕಿದ್ದು 1988ರಲ್ಲಿ. ಅಂದರೆ ಕಾಯಿಲೆಯೇ ಮೈಯ ಕಾವಲನ್ನು ಕೆಡಿಸುತ್ತದೆ. ಕಾವಲುಗಾರ ಮನೆಯವರ ಮೇಲೆಯೇ ತಿರುಗಿಬಿದ್ದು ಕೂತಿರುತ್ತಾನೆ, ಹೊರಗಿನಿಂದ ಬರುವ ಕಳ್ಳನನ್ನು ನೋಡುವವರು ಯಾರು?

ಆದ್ದರಿಂದ ಸೋಂಕಿಗೆ ಹೆದರಿ ಮಾತ್ರೆ ಬಿಡುವುದು ದಾರಿಯಲ್ಲ. ಹತೋಟಿಗೆ ಬಾರದ ಆರ್.ಎ. ತಾನೇ ಸೋಂಕನ್ನು ಕರೆಯುತ್ತದೆ. ಓಡಾಟ ನಿಲ್ಲುತ್ತದೆ, ಊಟ ಕಡಿಮೆ ಆಗುತ್ತದೆ, ಶ್ವಾಸಕೋಶ ಸೊರಗುತ್ತದೆ. ಕೊನೆಗೆ ನೋವು ತಡೆಯಲಾಗದೆ ಸ್ಟಿರಾಯ್ಡ್‌ಗೆ ಹೋಗುತ್ತಾರೆ, ಅದು ಊತ ನೋವನ್ನು ಬೇಗ ಇಳಿಸಿದರೂ ಮೈಯ ಕಾವಲನ್ನು ತಗ್ಗಿಸುವ ಔಷಧ.

ಒಂದು ಪುಸ್ತಕ ಮಾಡಿ, ಅದರಲ್ಲಿ ಕಾಲದ ಲೆಕ್ಕ ಬರೆಯಿರಿ

ನನಗೆ ಅರ್ಥವಾಗಲು ಬಹಳ ದಿನ ಹಿಡಿದ ವಿಷಯ ಇದು. ಸೋಂಕಿನ ಅಪಾಯ ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. ಕೆಲವು ತಿಂಗಳು ಏರುತ್ತದೆ, ಕೆಲವು ವರ್ಷ ಇಳಿಯುತ್ತದೆ, ಮತ್ತೆ ಏರುತ್ತದೆ. ಯಾವಾಗ ಏರುತ್ತದೆ ಎಂದು ಗೊತ್ತಿದ್ದರೆ ಆಗ ಕಣ್ಣು ತೆರೆದು ಇರಬಹುದು.

ಬ್ರಿಟನ್ನಿನಲ್ಲಿ ಬಯಾಲಜಿಕ್ ತೆಗೆದುಕೊಳ್ಳುವ ಆರ್.ಎ. ರೋಗಿಗಳ ದೊಡ್ಡ ದಾಖಲೆ ಇದೆ. ಅದರ ಪ್ರಕಾರ ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಗುಂಪಿನ ಇಂಜೆಕ್ಷನ್ ಶುರು ಮಾಡಿದ ಮೊದಲ ಆರು ತಿಂಗಳಲ್ಲಿ ಗಂಭೀರ ಸೋಂಕಿನ ಅಪಾಯ ಹಳೆಯ ಮಾತ್ರೆಗಳಿಗಿಂತ ಸುಮಾರು 1.8 ಪಟ್ಟು, ಒಟ್ಟಾರೆ ನೋಡಿದರೆ ಸುಮಾರು 1.2 ಪಟ್ಟು. ಅಂದರೆ ಮೊದಲ ಆರು ತಿಂಗಳು ಬಹಳ ಸೂಕ್ಷ್ಮ. ಆಮೇಲೆ ಇಳಿಯುವುದು ಯಾಕೆ? ಮೈಗೆ ಔಷಧ ಒಗ್ಗಿತು ಎಂದಷ್ಟೇ ತಿಳಿಯಬೇಡಿ. ಸೋಂಕು ಬೇಗ ತಗಲುವವರು ಅಷ್ಟರಲ್ಲಿ ಆ ಔಷಧ ನಿಲ್ಲಿಸಿರುತ್ತಾರೆ. ಉಳಿದವರಲ್ಲಿ ಕಾಯಿಲೆ ಹತೋಟಿಗೆ ಬಂದು ಸ್ಟಿರಾಯ್ಡ್ ಕಡಿಮೆಯಾಗಿರುತ್ತದೆ, ಓಡಾಡಲು ಶುರುಮಾಡಿರುತ್ತಾರೆ. ಜರ್ಮನಿಯ ದಾಖಲೆಯೂ ಹೀಗೆಯೇ ಹೇಳುತ್ತದೆ.

ಮತ್ತೆ ಏರಿಸುವುದು ಯಾವುವು? ಜರ್ಮನಿಯವರು ಅಪಾಯ ಅಳೆಯಲು ಮಾಡಿಕೊಂಡಿರುವ ಪಟ್ಟಿಯಲ್ಲಿರುವ ಮುಖ್ಯ ವಿಷಯಗಳು ನಮ್ಮ ಅವ್ವಂದಿರಿಗೂ ಹೊಂದುತ್ತವೆ. ವಯಸ್ಸು 60 ದಾಟಿರುವುದು, ಶ್ವಾಸಕೋಶದ ಹಳೇ ಕಾಯಿಲೆ, ಕಿಡ್ನಿ ತೊಂದರೆ, ಹಿಂದೆ ಒಮ್ಮೆ ಗಂಭೀರ ಸೋಂಕು ಬಂದಿರುವುದು, ಹಲವು ಔಷಧ ಸೋತು ಹೋಗಿರುವುದು, ದಿನಕ್ಕೆ 7.5 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸ್ಟಿರಾಯ್ಡ್, ಕೈಕಾಲು ಸರಿಯಾಗಿ ಆಡದಿರುವುದು. ಇದರ ಪಕ್ಕ ನಾನು ಸಕ್ಕರೆ ಕಾಯಿಲೆಯನ್ನೂ ಬರೆದುಕೊಂಡಿದ್ದೇನೆ, ಏಕೆಂದರೆ ವರ್ಷಗಟ್ಟಲೆ ಸ್ಟಿರಾಯ್ಡ್ ತಿಂದವರಿಗೆ ಅದು ಹಿಂದೆಯೇ ಬರುತ್ತದೆ.

ಹಾಗಾಗಿ ಒಂದು 100 ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಈಗಿನ ಮಾತ್ರೆಗಳು, ಡೋಸು, ವಾರದಲ್ಲಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ದಿನ, ಇಂಜೆಕ್ಷನ್ ಆದರೆ ಕೊನೆಯದು ಹಾಕಿಸಿದ ತಾರೀಖು, ಡಾಕ್ಟರ್ ಫೋನ್ ನಂಬರ್. ಎರಡನೇ ಪುಟದಲ್ಲಿ ಮೇಲಿನ ಪಟ್ಟಿ, ನಿಮ್ಮ ಮನೆಯವರಿಗೆ ಅದರಲ್ಲಿ ಯಾವುದೆಲ್ಲ ಇದೆ ಎಂದು. ಆಮೇಲಿನ ಪುಟಗಳಲ್ಲಿ ಲಸಿಕೆ, ರಕ್ತ ಪರೀಕ್ಷೆ, ಬಂದ ಸೋಂಕುಗಳು. ಎರಡನೇ ಪುಟವನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಿರಿ. ಅವ್ವನದು ಮೊದಲ ಸಲ ಬರೆದಾಗ ಎರಡು ಗುರುತು ಇತ್ತು, ಈಗ ನಾಲ್ಕು. ಅದೇ ಮಾತ್ರೆ, ಅದೇ ಮನುಷ್ಯ, ಆದರೆ ಅಪಾಯ ಬೇರೆ.

ಸ್ಟಿರಾಯ್ಡ್ ಎಷ್ಟು ಹೋಗುತ್ತಿದೆ ಎಂದು ಹುಡುಕಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಕೆನಡಾದ ಕ್ವಿಬೆಕ್‌ನಲ್ಲಿ 65 ದಾಟಿದ ಆರ್.ಎ. ರೋಗಿಗಳನ್ನು ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ದಿನಕ್ಕೆ ಬರೀ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ (ಅಂಗಡಿಯಲ್ಲಿ ವೈಸೊಲೋನ್ ಎಂದು ಸಿಗುವ ಸ್ಟಿರಾಯ್ಡ್ ಮಾತ್ರೆ) ಮೂರು ತಿಂಗಳು ತೆಗೆದುಕೊಂಡರೆ ಗಂಭೀರ ಸೋಂಕಿನ ಅಪಾಯ 30 ಶೇಕಡಾ ಹೆಚ್ಚು, ಆರು ತಿಂಗಳಾದರೆ 46 ಶೇಕಡಾ, ಮೂರು ವರ್ಷವಾದರೆ 100 ಶೇಕಡಾ, ಅಂದರೆ ದುಪ್ಪಟ್ಟು. "ಸಣ್ಣ ಮಾತ್ರೆ, ಏನೂ ಆಗಲ್ಲ" ಎಂದು ನಾವು ವರ್ಷಗಟ್ಟಲೆ ನುಂಗಿಸುತ್ತಿದ್ದ ಮಾತ್ರೆ ಇದೇ. ಸ್ಟಿರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕಾಯಿಲೆ ಭುಗಿಲೆದ್ದಾಗ ಅವ್ವನನ್ನು ಹಾಸಿಗೆಯಿಂದ ಎಬ್ಬಿಸಿದ್ದೂ ಅದೇ. ಆದರೆ ಅದು ಸೇತುವೆ, ಅದರ ಮೇಲೆ ಮನೆ ಕಟ್ಟಬಾರದು. ಪ್ರತಿ ಭೇಟಿಯಲ್ಲೂ ಕೇಳಿ: "ಡಾಕ್ಟ್ರೇ, ವೈಸೊಲೋನ್ ಇನ್ನೂ ಬೇಕಾ? ಎಷ್ಟಕ್ಕೆ ಇಳಿಸಬಹುದು? ಯಾವಾಗ?" ಕೇಳದಿದ್ದರೆ ಹಳೇ ಚೀಟಿ ಹಾಗೇ ಮುಂದುವರಿಯುತ್ತದೆ.

ಇನ್ನು ನಮ್ಮ ಕಡೆಯ ದೊಡ್ಡ ತೊಂದರೆ, ಹೆಸರಿಲ್ಲದ ಸ್ಟಿರಾಯ್ಡ್. ಸಂತೆಯಲ್ಲಿ, ಜಾತ್ರೆಯಲ್ಲಿ, ಮನೆ ಬಾಗಿಲಿಗೆ ಬರುವವರ ಹತ್ತಿರ ಗಂಟು ನೋವಿಗೆ ಎಂದು ಪೊಟ್ಟಣದ ಪುಡಿ, ಕರೀ ಗುಳಿಗೆ ಸಿಗುತ್ತದೆ. ನಾಟಿ ಔಷಧ ಎಂದು ಕೊಡುತ್ತಾರೆ. ಎರಡೇ ದಿನಕ್ಕೆ ನೋವು ಮಾಯವಾಗಿ, ಹಸಿವು ಜಾಸ್ತಿಯಾಗಿ, ಒಂದೆರಡು ತಿಂಗಳಲ್ಲಿ ಮುಖ ದುಂಡಗಾಗಿ ಉಬ್ಬಿದರೆ, ಅದರಲ್ಲಿ ಸ್ಟಿರಾಯ್ಡ್ ಇದೆ ಎಂದು ಅನುಮಾನಪಡಿ. ಹಾಗೆಯೇ ಹಳ್ಳಿಯಲ್ಲಿ ನೋವಿಗೆ ಎಂದು ಚುಚ್ಚಿಸಿಕೊಳ್ಳುವ ಇಂಜೆಕ್ಷನ್. ಡಾಕ್ಟರ್ 5 ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತಾರೆ, ಮೈಯೊಳಗೆ ಹೋಗುತ್ತಿರುವುದು ಅದರ ಮೂರು ನಾಲ್ಕು ಪಟ್ಟು ಇರಬಹುದು. ನಮ್ಮ ಅತ್ತೆ ಒಬ್ಬರು ಹೀಗೆ ಎರಡು ವರ್ಷ ಪುಡಿ ತಿಂದು ಯಾರಿಗೂ ಹೇಳಿರಲಿಲ್ಲ, ಬೈಯುತ್ತಾರೆ ಎನ್ನುವ ಭಯ. ದಯವಿಟ್ಟು ಮನೆಯವರನ್ನು ಬೈಯದೆ ಕೇಳಿ. ಪೊಟ್ಟಣ ಸಿಕ್ಕಿದರೆ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ.

ಮತ್ತೆ, ಇದನ್ನು ಓದಿದ ಕೂಡಲೇ ಸ್ಟಿರಾಯ್ಡ್ ಅಥವಾ ಆ ಪುಡಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ಹೊರಗಿನಿಂದ ಬಂದಾಗ ಮೈ ತಾನೇ ಅದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಂತರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಹಂತ ಹಂತವಾಗಿ, ಡಾಕ್ಟರ್ ಹೇಳಿದ ಹಾಗೆ ಇಳಿಸಬೇಕು.

ಹೊಸ ಔಷಧ ಶುರುವಾಗುವ ಮುಂಚೆ

ಡಾಕ್ಟರ್ "ಮುಂದಿನ ಸಲ ಬಯಾಲಜಿಕ್ ಶುರು ಮಾಡೋಣ" ಅಥವಾ "ಟೊಫಾಸಿಟಿನಿಬ್ ಕೊಡೋಣ" (ಇದು ಕಾವಲು ತಗ್ಗಿಸುವ ಹೊಸ ಮಾತ್ರೆ) ಅಂದಾಗ, ಮೈಯೊಳಗೆ ಮಲಗಿರುವ ಸೋಂಕುಗಳನ್ನು ಹುಡುಕುವ ಸಮಯ ಅದು.

ಮೊದಲನೆಯದು ಟಿಬಿ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಸುಮ್ನೆ ಮಲಗಿರುತ್ತದೆ, ಕಾವಲು ಗಟ್ಟಿ ಇರುವವರೆಗೆ ಏಳುವುದಿಲ್ಲ. 2001ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ 70 ಜನರ ಟಿಬಿ ಬಗ್ಗೆ ವರದಿ ಬಂತು. ಶುರು ಮಾಡಿ ಸುಮಾರು 12 ವಾರಕ್ಕೇ ಕಾಣಿಸಿಕೊಂಡಿತ್ತು, ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಶ್ವಾಸಕೋಶದ ಹೊರಗೂ ಇತ್ತು. ಆಮೇಲಿಂದ ಪರೀಕ್ಷೆ ಮಾಡದೆ ಈ ಔಷಧ ಕೊಡಬಾರದು ಎನ್ನುವುದು ಎಲ್ಲ ಕಡೆ ನಿಯಮ ಆಯಿತು. ಎದೆ ಎಕ್ಸ್‌ರೇ, ಜೊತೆಗೆ ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಅಥವಾ ಇಗ್ರಾ ಎನ್ನುವ ರಕ್ತ ಪರೀಕ್ಷೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮಾಂಟೂ ಸುಳ್ಳೇ "ಇಲ್ಲ" ಎಂದು ತೋರಿಸಬಹುದು, ಅದಕ್ಕೆ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ ಎಂದು ನೆನಪು ಮಾಡಿಕೊಂಡು ಹೇಳಿ. ತಾತನಿಗೆ 30 ವರ್ಷದ ಹಿಂದೆ ಆಗಿದ್ದರೂ ಹೇಳಿ. ಮಲಗಿರುವ ಟಿಬಿ ಸಿಕ್ಕಿದರೆ ತಡೆ ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ ಅದು ಕನಿಷ್ಠ ಒಂದು ತಿಂಗಳಾದ ಮೇಲೆ ಬಯಾಲಜಿಕ್ ಶುರು. ಸರ್ಕಾರಿ ವ್ಯವಸ್ಥೆಯಲ್ಲಿ ಟಿಬಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಗೊತ್ತೇ ಇದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ ಕಟ್ಟಿದ್ದು, ಅವರನ್ನು ತೆಗೆದುಕೊಂಡು ಹೋಗಿದ್ದೂ ಕ್ಷಯವೇ. ಅರಮನೆಯನ್ನೂ ಬಿಡದ ಕಾಯಿಲೆ ಅದು, ನಾಚಿಕೆಪಟ್ಟು ಮುಚ್ಚಿಡುವಂಥದ್ದಲ್ಲ.

ಎರಡನೆಯದು ಹೆಪಟೈಟಿಸ್ ಬಿ ಮತ್ತು ಸಿ ರಕ್ತ ಪರೀಕ್ಷೆ. ರಿಟುಕ್ಸಿಮ್ಯಾಬ್ ಎನ್ನುವ ಬಯಾಲಜಿಕ್ ಕೊಡುವುದಾದರೆ ಇದು ಬಹಳ ಮುಖ್ಯ, ಹಳೇ ಹೆಪಟೈಟಿಸ್ ಬಿ ಎದ್ದುಬಿಟ್ಟರೆ ಲಿವರ್ ಹಾಳು.

ಹೊಲ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರಾದರೆ ಹುಳುವಿನ ಬಗ್ಗೆಯೂ ಕೇಳಿ. ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಗೆ ಹೋಗುವ ಸ್ಟ್ರಾಂಜಿಲಾಯ್ಡಿಸ್ ಎನ್ನುವ ಹುಳು ಕರುಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಜಾಸ್ತಿ ಸ್ಟಿರಾಯ್ಡ್ ಕೊಟ್ಟಾಗ ಮೈಯೆಲ್ಲ ಹರಡಿ ರಕ್ತ ನಂಜಾಗುತ್ತದೆ. ಮುಂಚೆಯೇ ಗೊತ್ತಾದರೆ ಮಾತ್ರೆಯಲ್ಲೇ ಹೋಗುತ್ತದೆ. ಹಲ್ಲು, ವಸಡು ಕೀವಾಗಿದ್ದರೆ ಅದನ್ನೂ ಈಗಲೇ ಸರಿಮಾಡಿಸಿ. ಹೊಗೆಸೊಪ್ಪು ಹಾಕುವವರಿಗೆ ಇದು ಹೆಚ್ಚು ಅನ್ವಯ.

ಲಸಿಕೆ: ದೊಡ್ಡವರಿಗೂ ಉಂಟು

ಲಸಿಕೆ ಮಕ್ಕಳಿಗೆ ಎಂದು ಅವ್ವ ಬಹಳ ದಿನ ವಾದ ಮಾಡಿದರು. ಫ್ಲೂ ಲಸಿಕೆ ಪ್ರತಿ ವರ್ಷ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಅದಕ್ಕೆ ನಾವು ಮೇ ತಿಂಗಳಲ್ಲಿ ಹಾಕಿಸುತ್ತೇವೆ. ಕಾಯಿಲೆ ಹತೋಟಿಯಲ್ಲಿದ್ದರೆ ಫ್ಲೂ ಲಸಿಕೆ ಹಾಕಿಸಿದ ಮೇಲೆ ಎರಡು ವಾರ ಮೆಥೊಟ್ರೆಕ್ಸೇಟ್ ಬಿಡಲು ಡಾಕ್ಟರ್ ಹೇಳಬಹುದು, ಹಾಗೆ ಮಾಡಿದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ನ್ಯುಮೋನಿಯಾ ಲಸಿಕೆ ಪ್ರತಿ ವರ್ಷ ಬೇಡ, ಯಾವುದು, ಎಷ್ಟು ಡೋಸ್ ಎಂದು ಕೇಳಿ ಪುಸ್ತಕದಲ್ಲಿ ಬರೆಯಿರಿ. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರು ಲಸಿಕೆಯ ತಾರೀಖನ್ನು ಇಂಜೆಕ್ಷನ್ ತಾರೀಖಿಗೆ ಹೊಂದಿಸಬೇಕು, ಆದಷ್ಟೂ ಮುಂಚೆ ಹಾಕಿಸುವುದೇ ಒಳ್ಳೆಯದು.

ಸರ್ಪಸುತ್ತಿನ ಲಸಿಕೆ ಈಗ ನಮ್ಮ ದೇಶದಲ್ಲೂ ಸಿಗುತ್ತದೆ, ಎರಡು ಡೋಸ್, ಬೆಲೆ ದುಬಾರಿ. ಟೊಫಾಸಿಟಿನಿಬ್, ಅದೇ ಗುಂಪಿನ ಬಾರಿಸಿಟಿನಿಬ್ ತೆಗೆದುಕೊಳ್ಳುವವರಿಗೆ ಸರ್ಪಸುತ್ತು ಬೇಗ ಬರುತ್ತದೆ, ಹಾಗಾಗಿ ಅವರು ದುಡ್ಡು ಹೊಂದಿಸಲು ಆಗುವುದಾದರೆ ಹಾಕಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಮೈಯ ಒಂದೇ ಪಕ್ಕದಲ್ಲಿ ಉರಿ, ಆಮೇಲೆ ಸಾಲಾಗಿ ನೀರುಗುಳ್ಳೆ ಕಂಡರೆ ಕೆಮ್ಮಣ್ಣು ಹಚ್ಚಿಸಿ ಕೂರಬೇಡಿ. ಮೂರು ದಿನದೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಹೆಚ್ಚು ಉಪಯೋಗ.

ಜೀವಂತ ಲಸಿಕೆಗಳು, ಅಂದರೆ ದಡಾರ, ಸಿಡುಬಿನ ಥರದ ಚಿಕನ್‌ಪಾಕ್ಸ್, ಹಳದಿ ಜ್ವರದವು, ಈ ಔಷಧಗಳ ಮೇಲಿರುವಾಗ ಸಾಮಾನ್ಯವಾಗಿ ಬೇಡ. ಪಕ್ಕದ ಮನೆ ಮಗುವಿಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಿದ್ದರೆ ನೋಡಲು ಹೋಗಬೇಡಿ. ಹೋಗಿಬಿಟ್ಟಿದ್ದರೆ, ಚಿಕ್ಕಂದಿನಲ್ಲಿ ನಿಮಗೆ ಆಗಿರದಿದ್ದರೆ, ಗುಳ್ಳೆ ಬರುವ ತನಕ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಮಾತ್ರೆಯ ಡಬ್ಬಿಯಲ್ಲಿ ಎರಡು ಅಪಾಯ

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಇದನ್ನು ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು, ಸೋಂಕಿಗೆ ಬಲಿಯಾದವರು ಇದ್ದಾರೆ. ಅವ್ವನಿಗೆ ಓದಲು ಕಷ್ಟ, ಅದಕ್ಕೆ ನಾವು ಮೆಥೊಟ್ರೆಕ್ಸೇಟನ್ನು ಬೇರೆ ಕೆಂಪು ಡಬ್ಬಿಯಲ್ಲಿಟ್ಟು ಭಾನುವಾರ ಮಾತ್ರ ತೆಗೆಯುತ್ತೇವೆ. ಬಾಯಲ್ಲಿ ಹುಣ್ಣು, ಜ್ವರ, ಮೈಮೇಲೆ ಕೆಂಪು ಚುಕ್ಕೆ ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡಾಗಲೂ ಹುಷಾರು, ಕಿಡ್ನಿ ಸೊರಗಿದರೆ ಈ ಮಾತ್ರೆ ಮೈಯಲ್ಲೇ ಉಳಿದುಬಿಡುತ್ತದೆ.

ಎರಡನೆಯದು ಕೋಟ್ರೈಮಾಕ್ಸಜೋಲ್, ಅಂಗಡಿಯಲ್ಲಿ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂದು ಸಿಗುವುದು. ಉರಿಮೂತ್ರಕ್ಕೆ ಕೊಡುವ ಹಳೇ ಮಾತ್ರೆ. ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತ ತಯಾರಾಗುವುದೇ ನಿಲ್ಲುವಷ್ಟು ಅಪಾಯ. ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.

ರಕ್ತ ಪರೀಕ್ಷೆ ಮೊದಲ ಮೂರು ತಿಂಗಳು 2ರಿಂದ 4 ವಾರಕ್ಕೊಮ್ಮೆ, ಆಮೇಲೆ 8ರಿಂದ 12 ವಾರ, ಆರು ತಿಂಗಳಾದ ಮೇಲೆ 12 ವಾರಕ್ಕೊಮ್ಮೆ. ಹತ್ತು ವರ್ಷದಿಂದ ಸರಿಯಿದೆ ಎಂದು ಬಿಟ್ಟುಬಿಡುವವರು ಬಹಳ. ಕಿಡ್ನಿ ಹತ್ತು ವರ್ಷದ ಹಿಂದಿನದ್ದಲ್ಲ.

ಗದ್ದೆ, ಕೊಟ್ಟಿಗೆ, ಅಡುಗೆಮನೆ

ಮನೆಯೊಳಗೆ ಕೂರಿಸುವ ಅಗತ್ಯವಿಲ್ಲ. ಕೆಲಸ ಮಾಡಿದರೆ ಕೀಲಿಗೂ ಒಳ್ಳೆಯದು. ಆದರೆ ಕಬ್ಬಿನ ಸೋಗೆ ಕೊಯ್ದ ಗೀರು, ಕುಡುಗೋಲಿನ ಗಾಯ, ಇವನ್ನು ಬೇರೆಯವರ ಗಾಯದ ಹಾಗೆ ನೋಡಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ, ಕಾಫಿ ಪುಡಿ, ಸುಣ್ಣ ಒತ್ತಬೇಡಿ, ಒಣ ಬಟ್ಟೆ ಕಟ್ಟಿ. ಮಾರನೇ ದಿನ ಸುತ್ತ ಕೆಂಪು ಹರಡಿದ್ದರೆ ಪೆನ್ನಿನಲ್ಲಿ ಅಂಚಿಗೆ ಗೆರೆ ಎಳೆಯಿರಿ. ಕೆಂಪು ಆ ಗೆರೆಯನ್ನು ದಾಟಿದರೆ ಆಸ್ಪತ್ರೆಗೆ ಹೋಗಿ.

ನಾಲೆ ಬಯಲಿನ ಗದ್ದೆಗಳಲ್ಲಿ ಇಲಿ ಇರುತ್ತದೆ, ಇಲಿ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯ ಇದ್ದಾಗ ಕೆಸರಿಗೆ ಇಳಿಯಬೇಡಿ, ಇಳಿಯಲೇಬೇಕಾದರೆ ಗಂಬೂಟು ಹಾಕಿ. ಆರ್.ಎ.ಯಲ್ಲಿ ಕಾಲ್ಬೆರಳು ಸೊಟ್ಟಗಾಗಿ ಚಪ್ಪಲಿ ಉಜ್ಜಿ ಹುಣ್ಣಾಗುತ್ತದೆ, ರಾತ್ರಿ ಮಲಗುವಾಗ ಯಾರಾದರೂ ಪಾದ ನೋಡಬೇಕು, ಸ್ವತಃ ಬಗ್ಗಿ ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ.

ಹಸು ಸಾಕಿದ ಮನೆಯಲ್ಲಿ ಕರೆದ ನೊರೆಹಾಲನ್ನು ಹಾಗೇ ಕುಡಿಯುವುದು ನಿಲ್ಲಿಸಿ. ಹಸಿ ಹಾಲಿನಿಂದ ಬ್ರೂಸೆಲ್ಲಾ ಎನ್ನುವ ದನಗಳ ಸೋಂಕು ಬರುತ್ತದೆ, ಹಸುವಿನ ಟಿಬಿಯೂ ಬರಬಹುದು. ಕುದಿಸಿದರೆ ಆಯಿತು. ಕಂದು ಹಾಕಿದ ಹಸುವಿನ ಮಾಸನ್ನು ಆರ್.ಎ. ಇರುವವರು ಮುಟ್ಟಬಾರದು. ಬಾಡೂಟ ಬೇಡ ಎಂದು ಯಾರೂ ಹೇಳಿಲ್ಲ, ಚೆನ್ನಾಗಿ ಬೆಂದಿರಲಿ. ನಂಜು ಎಂದು ಬದನೆ, ಸೊಪ್ಪು, ಮೊಟ್ಟೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡುವ ಮನೆಗಳನ್ನು ನೋಡಿದ್ದೇನೆ. ಹೊಟ್ಟೆಗೆ ಸರಿಯಾಗಿ ಬೀಳದ ಮೈಗೆ ಸೋಂಕು ಬೇಗ ಹತ್ತುತ್ತದೆ. ಬೀಡಿ ಸಿಗರೇಟು ಬಿಡಲೇಬೇಕು. ಸೌದೆ ಒಲೆಯ ಮುಂದೆ ಅವರನ್ನು ಕೂರಿಸಬೇಡಿ.

ಜ್ವರ ಬಂದ ದಿನ

ಡೋಲೋ ಕೊಡುವ ಮುಂಚೆ ಥರ್ಮಾಮೀಟರ್ ಇಡಿ. ಅಳೆದು, ಸಮಯ ಬರೆದು, ಆಮೇಲೆ ಮಾತ್ರೆ. 100.4 ಅಥವಾ ಮೇಲಿದ್ದರೆ ಅವತ್ತೇ ಡಾಕ್ಟರಿಗೆ ಫೋನ್. ನಾಳೆ ನೋಡೋಣ ಬೇಡ.

ಅವರೊಡನೆ ಮಾತಾಡುವ ತನಕ ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್, ಟೊಫಾಸಿಟಿನಿಬ್, ಬಯಾಲಜಿಕ್ ಇಂಜೆಕ್ಷನ್, ಇವುಗಳ ಮುಂದಿನ ಡೋಸ್ ತಡೆಹಿಡಿಯಿರಿ. ಒಂದು ವಾರದ ಮೆಥೊಟ್ರೆಕ್ಸೇಟ್ ತಪ್ಪಿದರೆ ಕೀಲು ಹಾಳಾಗುವುದಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಸ್ಟಿರಾಯ್ಡ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಜ್ವರದಲ್ಲಿ ಅದನ್ನು ಸ್ವಲ್ಪ ಹೆಚ್ಚಿಸಬೇಕಾಗಿಯೂ ಬರಬಹುದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಮೂಲಕ ಕೊಡಿಸಬೇಕು.

ಜ್ವರವೇ ಇಲ್ಲದೆಯೂ ದೊಡ್ಡ ಸೋಂಕು ಇರಬಹುದು, ಇದು ಮೋಸ ಮಾಡುತ್ತದೆ. ಸ್ಟಿರಾಯ್ಡ್ ಜ್ವರವನ್ನು ಮುಚ್ಚುತ್ತದೆ. ಟೊಸಿಲಿಜುಮ್ಯಾಬ್ ಎನ್ನುವ ಬಯಾಲಜಿಕ್ ತೆಗೆದುಕೊಳ್ಳುವವರಲ್ಲಿ, ಸೋಂಕಿದ್ದಾಗ ಏರಬೇಕಾದ ಸಿಆರ್‌ಪಿ ರಕ್ತ ಪರೀಕ್ಷೆಯೂ ಏರದೆ ಇರಬಹುದು, ರಿಪೋರ್ಟ್ ನಾರ್ಮಲ್ ಎಂದು ಸಮಾಧಾನಪಡುವ ಹಾಗಿಲ್ಲ. ಊಟ ಸೇರುತ್ತಿಲ್ಲ, ಎದ್ದು ಕೂರಲು ಆಗುತ್ತಿಲ್ಲ, ಎಂದಿನ ಹಾಗಿಲ್ಲ ಎಂದು ನಿಮ್ಮ ಮನಸ್ಸಿಗೆ ಅನ್ನಿಸಿದರೆ ಆ ಅನ್ನಿಸಿಕೆಯನ್ನು ನಂಬಿ.

ಕೀಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಆರ್.ಎ. ಕೆರಳಿದಾಗ ಸಾಮಾನ್ಯವಾಗಿ ಹಲವು ಕೀಲು ಒಟ್ಟಿಗೆ ನೋಯುತ್ತವೆ. ಉಳಿದದ್ದೆಲ್ಲ ಸುಮ್ಮನಿದ್ದು ಒಂದೇ ಮಂಡಿ ಅಥವಾ ಒಂದೇ ಭುಜ ತಟ್ಟನೆ ಊದಿ, ಬಿಸಿಯಾಗಿ, ಮುಟ್ಟಿದರೆ ಚೀರುವಷ್ಟು ನೋವಾದರೆ, ಅದರೊಳಗೆ ಕೀವು ಕಟ್ಟಿರಬಹುದು. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಸ್ಟಿರಾಯ್ಡ್ ಚುಚ್ಚಿಸಬೇಡಿ. ಅವತ್ತೇ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಬೇಕು. ಕೆಲವೇ ದಿನ ತಡವಾದರೂ ಕೀಲು ಹೋಗುತ್ತದೆ, ಜೀವವೂ ಹೋಗಬಹುದು.

ರಾತ್ರಿ ಎರಡು ಗಂಟೆಯಾದರೂ ಹೊರಡಬೇಕಾದ ಸಂದರ್ಭಗಳಿವೆ. ಉಸಿರು ಕಟ್ಟುವುದು, ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ಇಳಿಯುವುದು, ಮಾತು ತಪ್ಪುವುದು, ಹಲ್ಲು ಕಟಕಟಿಸುವ ನಡುಕ, ದಿನವಿಡೀ ಮೂತ್ರ ಹೋಗದಿರುವುದು. 108ಕ್ಕೆ ಫೋನ್ ಮಾಡಿ. ಮಂಡ್ಯದವರು ಮೈಸೂರಿನ ನಮ್ಮ ಡಾಕ್ಟರ ಹತ್ತಿರವೇ ಹೋಗಬೇಕು ಎಂದು 45 ಕಿಲೋಮೀಟರ್ ಹೊತ್ತೊಯ್ಯುವ ಮುಂಚೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ ಆಗಲಿ, ಹತ್ತಿರದ ಯಾವ ದೊಡ್ಡ ಆಸ್ಪತ್ರೆಯಾಗಲಿ, ಅಲ್ಲಿ ಆಕ್ಸಿಜನ್ ಮತ್ತು ಮೊದಲ ಆಂಟಿಬಯೋಟಿಕ್ ಸಿಗಲಿ. ಕ್ಯಾಶುಯಲ್ಟಿಯಲ್ಲಿ ಮೊದಲ ಮಾತೇ ಹೀಗಿರಲಿ: "ಇವರಿಗೆ ರುಮಟಾಯ್ಡ್ ಇದೆ, ಇಮ್ಯುನಿಟಿ ಕಡಿಮೆ ಮಾಡುವ ಮಾತ್ರೆ ತಗೊಳ್ತಾರೆ, ಸ್ಟಿರಾಯ್ಡ್ ಇಷ್ಟು ವರ್ಷದಿಂದ ಇದೆ." ಪುಸ್ತಕದ ಮೊದಲ ಪುಟ ಕೈಗೆ ಕೊಡಿ.

ಹೊತ್ತು ಹೊತ್ತಿಗೆ ಜ್ವರ ಬಂದುಹೋಗಿ, ಎರಡು ವಾರ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕತ್ತಿನಲ್ಲಿ ಗಂಟು, ಇವು ಕಂಡರೆ ಟಿಬಿ ಪರೀಕ್ಷೆ ಮತ್ತೆ ಮಾಡಿಸಿ, ಶುರುವಿನಲ್ಲಿ ನೆಗೆಟಿವ್ ಬಂದಿದ್ದರೂ ಸರಿ.

ಸೋಂಕು ವಾಸಿಯಾದ ಮೇಲೆ

ಡಿಸ್ಚಾರ್ಜ್ ಆದಾಗ ಎಲ್ಲರೂ ಉಸಿರು ಬಿಡುತ್ತಾರೆ. ಅಲ್ಲೇ ಇನ್ನೊಂದು ತಪ್ಪು ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಆರ್.ಎ. ಮಾತ್ರೆ ನಿಲ್ಲಿಸಿರುತ್ತಾರೆ, ಮತ್ತೆ ಯಾವಾಗ ಶುರು ಮಾಡಬೇಕು ಎಂದು ಯಾರೂ ಬರೆದಿರುವುದಿಲ್ಲ. ಮನೆಯವರು ಆ ಮಾತ್ರೆಯಿಂದಲೇ ಹೀಗಾಯಿತು ಎಂದು ಹೆದರಿ ಶುರು ಮಾಡುವುದೇ ಇಲ್ಲ. ಎರಡು ಮೂರು ತಿಂಗಳಲ್ಲಿ ಕೀಲುಗಳು ಕೆರಳುತ್ತವೆ. ಆಗ ಪುಡಿ, ನೋವಿನ ಇಂಜೆಕ್ಷನ್, ಸ್ಟಿರಾಯ್ಡ್. ಮತ್ತೆ ಸೋಂಕು. ನಮ್ಮ ಅತ್ತೆಗೆ ಆದದ್ದು ಇದೇ ಸುತ್ತು.

ಆದ್ದರಿಂದ ಡಿಸ್ಚಾರ್ಜ್ ದಿನವೇ ರುಮಟಾಲಜಿಸ್ಟ್ ಹತ್ತಿರ ಹೋಗುವ ತಾರೀಖು ಗೊತ್ತು ಮಾಡಿ. ಆಂಟಿಬಯೋಟಿಕ್ ಮುಗಿದು, ಜ್ವರ ಹೋಗಿ, ಗಾಯ ಇದ್ದರೆ ಕೂಡಿಕೊಂಡ ಮೇಲೆ ಯಾವ ಮಾತ್ರೆ, ಯಾವ ಡೋಸ್, ಅದೇ ಔಷಧವೋ ಬೇರೆಯೋ ಎಂದು ಅವರು ಹೇಳುತ್ತಾರೆ. ಒಮ್ಮೆ ಗಂಭೀರ ಸೋಂಕು ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಎನ್ನುವುದು ಎಲ್ಲ ದಾಖಲೆಗಳಲ್ಲೂ ಕಾಣುವ ಮಾತು. ಅವತ್ತೇ ಎರಡನೇ ಪುಟದಲ್ಲಿ ಆ ಗುರುತು ಹಾಕಿ, ಮುಂದಿನ ಆರು ತಿಂಗಳನ್ನು ಹೊಸ ಔಷಧದ ಮೊದಲ ಆರು ತಿಂಗಳಂತೆ ನೋಡಿ. ಮಂಡಿ ಆಪರೇಷನ್ ಅಥವಾ ಬೇರೆ ಯಾವುದೇ ಸರ್ಜರಿ ಇದ್ದರೂ ಇದೇ ರೀತಿ ಮುಂಚೆ ಕೇಳಿ. ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಬಯಾಲಜಿಕ್ ಆದರೆ ಆಪರೇಷನ್ ತಾರೀಖಿಗೆ ಹೊಂದಿಸಿ ಮುಂದೂಡುತ್ತಾರೆ.

ಹೋದ ಜೂನ್‌ನಲ್ಲಿ ಒಂದು ಸಂಜೆ ಅವ್ವನೇ ಫೋನ್ ಮಾಡಿದರು. "ಮಗ, ನೂರ ಒಂದು ತೋರಿಸ್ತಾ ಅದೆ. ಉಚ್ಚೆ ಉರೀತದೆ. ಕೆಂಪು ಡಬ್ಬಿ ಎತ್ತಿಟ್ಟಿವ್ನಿ, ಡಾಕ್ಟ್ರಿಗೆ ಫೋನ್ ಹಾಕು." ರಾತ್ರಿ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ಕೋಟ್ರೈಮಾಕ್ಸಜೋಲ್ ಇತ್ತು. ಪುಸ್ತಕದ ಮೊದಲ ಪುಟ ತೋರಿಸಿದೆವು, ಅವರು ಅಲ್ಲೇ ಬೇರೆ ಮಾತ್ರೆ ಬರೆದರು. ಐದು ದಿನ ಮನೆಯಲ್ಲೇ ಇದ್ದು ವಾಸಿಯಾಯಿತು, ಎರಡು ಭಾನುವಾರ ಬಿಟ್ಟು ಮೂರನೇ ಭಾನುವಾರ ಕೆಂಪು ಡಬ್ಬಿ ಮತ್ತೆ ಕೆಳಗೆ ಬಂತು.